ಡ್ರೊಮೊಲ್ಯಾಂಡ್ ಕೋಟೆ ಉಳೀತು, ನಮ್ಮ ತೊಟ್ಟಿಮನೆ?

ಮೊನ್ನೆ ನಮ್ಮ ಆಫೀಸಿನ ಹುಡುಗಿ ಮದುವೆ ಡ್ರೊಮೊಲ್ಯಾಂಡ್ ಕ್ಯಾಸಲ್‌ನಲ್ಲಿ. ಐರ್ಲೆಂಡಿನ ಲಿಮೆರಿಕ್‌ನಲ್ಲಿರೋ ನಮಗೆ ಅದೇನು ದೂರ ಅಲ್ಲ, ಎನಿಸ್ ಊರಿನ ಕಡೆ ಹೋಗೋ ದಾರೀಲೇ ಸಿಗುತ್ತೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹುಡುಗಿಯ ದೊಡ್ಡಪ್ಪ ಕೋಟೆ ಕಥೆ ಹೇಳ್ತಾ, "ಮನೆಯವರು ಇದನ್ನ ಮಾರಿ ಇಲ್ಲೇ ಪಕ್ಕದಲ್ಲಿ ಬೇರೆ ಮನೆ ಕಟ್ಕೊಂಡ್ರು" ಅಂದ್ರು. ಎಷ್ಟು ಸಲೀಸಾಗಿ ಅಂದ್ರು ಅಂದ್ರೆ ನನಗೆ ಎದೆಗೆ ಚುಚ್ಚಿದ ಹಾಗಾಯ್ತು.

ಮನೆಯವರು ಅಂದ್ರೆ ಸಾಮಾನ್ಯದವರಲ್ಲ. ಓಬ್ರಿಯನ್ ವಂಶ, 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ, ಐರ್ಲೆಂಡಿನ ಬ್ರಿಯನ್ ಬೊರೂ ಮಹಾರಾಜನ ಸಂತತಿ. 1543ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಗೆ ರಾಜಪದವಿ ಒಪ್ಪಿಸಿ ಬ್ಯಾರನ್ ಇಂಚಿಕ್ವಿನ್ ಅನ್ನೋ ಬಿರುದು ತಗೊಂಡೋರು. ಈಗ ಕಾಣೋ ಬೂದುಗಲ್ಲಿನ ಕಟ್ಟಡ 1835ರ ಹೊತ್ತಿಗೆ ಎದ್ದಿದ್ದು. ಇಷ್ಟೆಲ್ಲಾ ನಡೀತಿದ್ದಿದ್ದು ಒಕ್ಕಲುಗಳು ಕೊಡೋ ಗೇಣಿ ದುಡ್ಡಲ್ಲಿ. 1903ರ ಭೂ ಕಾಯ್ದೆ ಬಂದು ಒಕ್ಕಲುಗಳೇ ಸರ್ಕಾರದ ಸಾಲದಲ್ಲಿ ಜಮೀನು ಕೊಂಡ್ಕೊಳ್ಳೋಕೆ ಶುರು ಮಾಡಿದ ಮೇಲೆ ಆದಾಯ ಕಮ್ಮಿ ಆಯ್ತು, ಮನೆ ಮಾತ್ರ ಅಷ್ಟೇ ದೊಡ್ಡದು. 1948ರಲ್ಲಿ ಪೇಯಿಂಗ್ ಗೆಸ್ಟ್ ಇಟ್ಕೊಂಡ್ರು! ರಾಜವಂಶದವರು! ಅದೂ ಸಾಲದೆ 1962ರಲ್ಲಿ ಬರ್ನಾರ್ಡ್ ಮೆಕ್‌ಡೊನೊ ಅನ್ನೋ ಅಮೆರಿಕದ ಬಿಸಿನೆಸ್‌ಮ್ಯಾನ್‌ಗೆ ಮಾರಿದ್ರು, ಮುಂದಿನ ವರ್ಷ ಹೋಟೆಲ್ ಆಯ್ತು, ಆಮೇಲೆ ಮದುವೆಗಳು.

ತೋಟದ ಕಲ್ಲಿನ ಕಮಾನನ್ನಂತೂ ನಿಂತು ನೋಡಿದೆ. ಅದು ಇಲ್ಲೀದೇ ಅಲ್ಲ, ಇದೇ ವಂಶದವರ ಲೆಮನೇ ಅನ್ನೋ ಇನ್ನೊಂದು ಕೋಟೇದು. ಆ ಕೋಟೆ ಸೂರಿಲ್ಲದೆ ಬರೀ ಗೋಡೆ ಆಗಿ ನಿಂತಿದೆ, ಬಾಗಿಲನ್ನಾದ್ರೂ ಉಳಿಸೋಣ ಅಂತ ತಂದು ನಿಲ್ಲಿಸಿದಾರೆ, ಕೆತ್ತನೆ ಮೇಲೆ ಪಾಚಿ ಕಟ್ಟಿದ್ರೂ ಮುಕ್ಕಾಗಿಲ್ಲ.

ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ತೊಟ್ಟಿಮನೆ ಇದೆ, ಪಾಲಿನ ಕೇಸು ನಡೀತಾನೇ ಇದೆ, ವಾಯಿದೆ ಮೇಲೆ ವಾಯಿದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೂ ಯಾರೂ ಬರಲ್ಲ, ಯಾಕಂದ್ರೆ ಇವನು ಹೆಂಚು ಹಾಕ್ಸಿದ್ರೆ ನಾಳೆ ಮನೆ ನಂದೇ ಅಂತಾನೆ ಅಂತ ಅವನಿಗೆ ಅನುಮಾನ. ಜಗುಲಿಯ ಎರಡು ಮುಂಡಿಗೆ ಕಂಬ ಹಳೇ ಸಾಮಾನಿನ ವ್ಯಾಪಾರಿ ಲಾರಿ ಹತ್ತಿ ಹೋದವು, ಯಾರು ಕೊಟ್ರು ಅಂತ ಯಾರೂ ಬಾಯಿ ಬಿಡಲ್ಲ. ಮಾರಿಬಿಡೋಣ ಅಂದ್ರೆ ಎಲ್ಲರದ್ದೂ ಒಂದೇ ಮಾತು, ಹಿರಿಯರ ಮನೆ ಮಾರಿದ್ರೆ ಊರಲ್ಲಿ ತಲೆ ಎತ್ಕೊಂಡು ತಿರುಗೋದು ಹೆಂಗೆ ಅಂತ. ಮಾಡು ಕುಸಿದು ದೇವರ ಕೋಣೆಗೆ ನೀರು ಬಂದಾಗ ತಲೆ ತಗ್ಗಲ್ವಾ? ಇದು ನನಗೆ ಅರ್ಥವೇ ಆಗಲ್ಲ, ಸಿಟ್ಟು ಬರುತ್ತೆ.

ಒಂದು ಮಾತು ಹೇಳ್ದೆ ಇದ್ರೆ ತಪ್ಪಾಗುತ್ತೆ. ಡ್ರೊಮೊಲ್ಯಾಂಡ್ ಇಡಿಯಾಗಿ ಉಳಿದಿದ್ದು ಅವರ ದೊಡ್ಡ ಮನಸ್ಸಿಂದ ಮಾತ್ರ ಅಲ್ಲ, ಬಿರುದು ಮನೆ ಎರಡೂ ಹಿರಿಮಗನಿಗೆ ಅನ್ನೋ ಪದ್ಧತಿಯಿಂದ. ಬ್ರಿಟಿಷರ ವಿರುದ್ಧ 1848ರಲ್ಲಿ ದಂಗೆ ಎದ್ದು ಟಾಸ್ಮೇನಿಯಾಕ್ಕೆ ಗಡೀಪಾರಾದ ವಿಲಿಯಂ ಸ್ಮಿತ್ ಓಬ್ರಿಯನ್ ಹುಟ್ಟಿದ್ದು ಇಲ್ಲೇ, ಆದ್ರೆ ಎರಡನೇ ಮಗ, ಇದು ಅಣ್ಣನ ಪಾಲಿಗೇ ಹೋಯ್ತು. ಐರ್ಲೆಂಡಿನ ಸ್ವಾತಂತ್ರ್ಯದ ಗಲಾಟೇಲಿ ಇಂಥ ನೂರಾರು ಬಂಗಲೆಗಳನ್ನ ಜನ ಸುಟ್ಟೂ ಹಾಕಿದ್ರು, ಗೇಣಿ ಕೊಟ್ಟು ಸೋತವರ ಸಿಟ್ಟು ಅದು. ನಮ್ಮಲ್ಲಿ ದೊಡ್ಡತ್ತೆ ಮದುವೆ ಆಗೋವರೆಗೂ ಆ ಮನೆ ಸಾರಿಸಿ ಗುಡಿಸಿದೋರು, ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋ 2005ರ ಕಾನೂನು ಬಂದ್ಮೇಲೆ ನಂಗೂ ಪಾಲು ಬೇಕು ಅಂತ ಕೇಳಿದ್ರು, ಅದು ನ್ಯಾಯವೇ. ಎಲ್ಲರಿಗೂ ಹಕ್ಕು ಅಂದ್ರೆ ಜಗಳಾನೂ ಇರುತ್ತೆ, ಒಪ್ಕೋತೀನಿ.

ಆದ್ರೂ ಪಾಲನ್ನ ದುಡ್ಡಲ್ಲಿ ತಗೊಳ್ಳೋಕೆ ಏನಡ್ಡಿ? ಹೋಂಸ್ಟೇ ಮಾಡೋರು ಒಬ್ರು ಬಂದು ನೋಡ್ಕೊಂಡು ಹೋಗಿದಾರೆ, ಮನೆ ಹಂಗೇ ಇಟ್ಕೋತೀವಿ ಅಂದಿದಾರೆ. ರಾಜಿ ಮಾಡ್ಕೊಂಡು ಅವರಿಗೇ ಕೊಟ್ಬಿಡಿ, ಮೊದಲ ಪಾಲು ದೊಡ್ಡತ್ತೆಗೆ ಹೋಗಲಿ, ನನ್ನ ಪಾಲು ಬೇಕಿದ್ರೆ ಕೊನೇಲಿ ಕೊಡಿ.