ಕ್ಯಾಮೆಲಿಯಾಗೆ ಕಾಮಣಿ

ವಿಜಯಪುರದ ಎರೆಮಣ್ಣಿನಲ್ಲಿ ಜೋಳ ಬಿತ್ತಿದವರೂ ಕಡಲೆ ಬಿತ್ತಿದವರೂ ನೆಮ್ಮದಿಯಾಗಿದ್ದಾರೆ. ಕ್ಯಾಮೆಲಿಯಾ ಎಂಬ ಹೂಗಿಡ ನೆಟ್ಟವನ ಮನೆಯಲ್ಲಿ ಮಾತ್ರ ಎಲ್ಲರೂ ಗಿಡದ ಆಳುಗಳೇ. ಜಪಾನ್, ಕೊರಿಯಾ, ಚೀನಾಗಳ ಕಾಡಿನ ನೆರಳಿನಲ್ಲಿ ಬೆಳೆಯುವ ಈ ಗಿಡಕ್ಕೆ ರಸಸಾರ (pH) 5.5ರಿಂದ 6.5ರೊಳಗಿನ ಹುಳಿ ಮಣ್ಣು ಬೇಕು. ನಮ್ಮ ಎರೆಮಣ್ಣಿನದು 8ರ ಆಸುಪಾಸು. ಹೀಗಾಗಿ ಖಾನಾಪುರದ ಕಡೆಯ ನೆಂಟರಿಂದ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರರು ಚೀಲವನ್ನು ಒತ್ತಿ ನೋಡಿ, ಅಕ್ಕಿಯೂ ಅಲ್ಲ, ಗೋವಿನಜೋಳವೂ ಅಲ್ಲ, ಬರೀ ಮಣ್ಣು ಎಂದು ಖಾತ್ರಿಯಾದ ಮೇಲೆ, “ಯಾಕ್ರೀ ಸರ್, ನಿಮ್ಮ ಜಿಲ್ಲಾದಾಗ ಮಣ್ಣಿಗೂ ಬರ ಬಿದ್ದೈತೇನ್ರಿ?” ಎಂದು ಕೇಳಿ ಲಗೇಜಿನ ಟಿಕೆಟ್ಟು ಹರಿದರು.

ಮಣ್ಣೇನೋ ಬಂತು, ನೀರು ಊರಿನದೇ ತಾನೆ? ಕೊಳವೆಬಾವಿಯ ಗಡಸು ನೀರು ಹಂಡೆಯ ತಳದಲ್ಲಿ ಬಿಡುವ ಸುಣ್ಣವನ್ನೇ ಕುಂಡದಲ್ಲಿಯೂ ಬಿಟ್ಟಿತು. ಸುಣ್ಣದಿಂದ ಹುಳಿ ಇಳಿದು, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಲಾರದೆ, ಎಲೆಯ ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಗೆ ತಿರುಗಿತು. ಪಕ್ಕದ ಮನೆಯ ಕಾಕಾ ಕನ್ನಡಕ ಏರಿಸಿ, ಎಲೆಯ ಹಿಂದುಮುಂದು ತಿರುವಿ ನೋಡಿ, “ತಮ್ಮಾ, ಇದಕ ಕಾಮಣಿ ಆಗೈತಿ” ಎಂದು ತೀರ್ಪಿತ್ತು, ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧ ಕೊಡುವ ಹಳ್ಳಿಯನ್ನೂ ಎಣ್ಣೆ-ಖಾರ ಬಿಡುವ ಪಥ್ಯವನ್ನೂ ಹೇಳಿದರು. ಬಣ್ಣ ನೋಡಿದರೆ ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಪಥ್ಯ ಮಾತ್ರ ನೀರಿನ ವಿಷಯದಲ್ಲಿ ಬೇಕಿತ್ತು. ಅಂದಿನಿಂದ ಮಾಳಿಗೆಯ ಮಳೆನೀರೆಲ್ಲ ಗಿಡಕ್ಕೆ ಮೀಸಲಾಗಿ, ಮನೆಮಂದಿಯ ಪಾಲಿಗೆ ಕೊಳವೆಬಾವಿ ಉಳಿಯಿತು.

ಕ್ಯಾಮೆಲಿಯಾ ಮತ್ತು ಚಹಾ ಗಿಡ ಒಂದೇ ಕುಲದವು ಎಂದು ಊಟದ ಹೊತ್ತಿನಲ್ಲಿ ನಾನು ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಂಡ ಅವ್ವ, ಸೋಸಿ ಉಳಿದ ಚಹಾಪುಡಿಯನ್ನು ಹಾಲು-ಸಕ್ಕರೆಯ ಸಮೇತ ಬುಡಕ್ಕೆ ಸುರಿಯತೊಡಗಿದಳು. ದಾಯಾದಿಯ ಮನೆಯ ಊಟವೆಂದು ಗಿಡವೇನೂ ಹಿಗ್ಗಲಿಲ್ಲ. ಓಣಿಯ ಇರುವೆಗಳು ಹಿಗ್ಗಿದವು.

ಜರ್ಮನಿಯ ಡ್ರೆಸ್ಡೆನ್ ಬಳಿಯ ಪಿಲ್‌ನಿಟ್ಸ್ ಅರಮನೆಯ ತೋಟದಲ್ಲಿ 1801ರಲ್ಲಿ ನೆಟ್ಟ ಕ್ಯಾಮೆಲಿಯಾ ಇಂದಿಗೂ ಬದುಕಿದ್ದು, ಚಳಿಗಾಲ ಬಂದೊಡನೆ ಹಳಿಗಳ ಮೇಲೆ ಉರುಳುವ ಗಾಜಿನ ಮನೆಯನ್ನು ತಂದು ಅದರ ಸುತ್ತ ನಿಲ್ಲಿಸುತ್ತಾರೆ. ನಮ್ಮಲ್ಲಿ ಹಳಿಯೂ ಇಲ್ಲ, ಗಾಜೂ ಇಲ್ಲ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ನೆರಳು ಸರಿದತ್ತ ಕುಂಡವನ್ನು ಎಳೆಯುವವರು ನಾವೇ, ಸೊಂಟವೂ ನಮ್ಮದೇ. ಇಷ್ಟು ಮಾಡಿದರೂ ಗಿಡದ ಸಿಟ್ಟು ಬಲು ನಿಧಾನದ್ದು. ಮೊಗ್ಗು ಕಟ್ಟುವ ಶ್ರಾವಣದಲ್ಲಿ ಊರಿನ ಜಾತ್ರೆಗೆಂದು ಹೋಗಿ ನೀರು ತಪ್ಪಿಸಿದರೆ, ಆಗ ಏನೂ ಆಗದವರಂತೆ ಇದ್ದು, ದೀಪಾವಳಿ ಕಳೆದ ಮೇಲೆ ಮೊಗ್ಗುಗಳನ್ನು ಒಂದೊಂದಾಗಿ ಉದುರಿಸುತ್ತದೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಉದುರದೆ ಉಳಿದ ಒಂದೇ ಮೊಗ್ಗು ಅರಳಿತು. ನಸುಗೆಂಪಿನ ಎಸಳುಗಳನ್ನು ಸುತ್ತುಸುತ್ತಾಗಿ ಜೋಡಿಸಿದಂತಿದ್ದ ಆ ಹೂವನ್ನು ನೋಡಲು ಕಾಕಾ ಕೂಡ ಬಂದರು. ಅವ್ವ ಅದನ್ನು ಮೂಗಿನ ಹತ್ತಿರ ಹಿಡಿದಳು, ಮತ್ತೊಮ್ಮೆ ಹಿಡಿದಳು. ಈ ಜಾತಿಯ ಹೂಗಳಿಗೆ ಹೆಚ್ಚಾಗಿ ಪರಿಮಳವೇ ಇರುವುದಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, “ಇಷ್ಟ ಸೇವಾ ಮಾಡಿಸ್ಕೊಂಡು ವಾಸನಿನೂ ಇಲ್ಲಲ್ಲೋ ಇದಕ!” ಎಂದವಳೇ, ದೇವರಿಗೆ ಸೇವಂತಿಗೆ ತರಲು ನನ್ನ ಕೈಗೆ ಚೀಲ ಕೊಟ್ಟಳು.