ಮುಂದಿನ ಸಾಲಿನ ಕುರ್ಚಿ ಮತ್ತು ಹುಳುವಿನ ವಾಸನೆ

ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರು ಹದಿನೈದು ದಿನಗಳಿಂದ ನಿಂತಿರುವ ಫ್ಲೆಕ್ಸನ್ನು ಈ ಕಡೆಯ ಓದುಗರೆಲ್ಲರೂ ನೋಡಿದ್ದೀರಿ. ನೋಡದೆ ಗತ್ಯಂತರವಿಲ್ಲ, ಚಿಂತಾಮಣಿ ಕಡೆಯಿಂದ ಬರುವ ಬಸ್ಸು ಯಾರಿಗೂ ಕಾಣಿಸದ ಹಾಗೆ ಅದನ್ನು ಕಟ್ಟಲಾಗಿದೆ. ಲಂಡನ್ನಿನ ಫ್ಯಾಷನ್ ಪತ್ರಿಕೆಯೊಂದಕ್ಕೆ ವರದಿಗಾರ್ತಿಯಾಗಿ ಸೇರಿದ ನಮ್ಮ ತಾಲ್ಲೂಕಿನ ಹುಡುಗಿಗೆ ಅದು ಅಭಿನಂದನೆ ಕೋರುತ್ತದೆ. ‘ವಿಶ್ವ ಫ್ಯಾಷನ್ ಭೂಪಟದಲ್ಲಿ ನಮ್ಮೂರು’ ಎಂಬ ದಪ್ಪಕ್ಷರಗಳ ಕೆಳಗೆ ಹದಿನಾಲ್ಕು ಮುಖಂಡರು ತಮ್ಮ ತಮ್ಮ ಯೋಗ್ಯತೆಗೆ ತಕ್ಕ ಗಾತ್ರದಲ್ಲಿ ಕೈ ಮುಗಿದು ನಿಂತಿದ್ದಾರೆ. ಹುಡುಗಿಯ ಮುಖ ಎಡಗಡೆಯ ಮೂಲೆಯಲ್ಲಿ, ಫ್ಲೆಕ್ಸ್ ಮುದ್ರಿಸಿದ ಅಂಗಡಿಯ ಫೋನ್ ನಂಬರಿನ ಪಕ್ಕದಲ್ಲಿದೆ.

ಇದನ್ನು ಅವಮಾನವೆಂದು ಯಾರೂ ತಿಳಿಯಬಾರದು. ಆಕೆ ಆರಿಸಿಕೊಂಡ ವೃತ್ತಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಬೇರೊಂದಿಲ್ಲ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂಬ ನಾಲ್ಕು ಊರುಗಳಲ್ಲಿ ವರ್ಷಕ್ಕೆರಡು ಸುಗ್ಗಿಯಂತೆ ನಡೆಯುವ ಫ್ಯಾಷನ್ ವಾರಗಳಲ್ಲಿ ಪತ್ರಕರ್ತರ ಬೆಲೆಯನ್ನು ಅಳೆಯುವುದು ಕೂರಿಸಿದ ಸಾಲಿನಿಂದ. ಮುಂದಿನ ಸಾಲಿನಲ್ಲಿ ಸಂಪಾದಕರು, ಸಿನಿಮಾ ತಾರೆಯರು ಮತ್ತು ಮೊಬೈಲಿನಲ್ಲಿ ಲಕ್ಷಾಂತರ ಮಂದಿ ಹಿಂಬಾಲಕರಿರುವವರು ಕೂರುತ್ತಾರೆ. ಅದರ ಹಿಂದೆ ಹಿರಿಯ ವರದಿಗಾರರು. ಕೊನೆಗೆ, ಗೋಡೆಗೆ ಒರಗಿ ನಿಂತು, ಮುಂದಿನವರ ತಲೆಗಳ ನಡುವಿನ ಸಂದಿಯಲ್ಲಿ ಹಾದುಹೋಗುವ ಬಟ್ಟೆಯನ್ನು ಕಂಡು ವರದಿ ಬರೆಯುವವರು. ನಮ್ಮ ಹುಡುಗಿ ಈಗ ಗೋಡೆಯ ಹತ್ತಿರವಿದ್ದಾಳೆ. ಫ್ಲೆಕ್ಸಿನಲ್ಲಿಯೂ ಅಷ್ಟೇ.

ಆಕೆಯ ತಂದೆ ನನ್ನ ಹಳೆಯ ಸ್ನೇಹಿತರು, ಆದ್ದರಿಂದ ಆಕೆಗೆ ನಾನು ಮಾವ. ಲಂಡನ್ನಿನಲ್ಲಿ ಫ್ಯಾಷನ್ ಪತ್ರಿಕೋದ್ಯಮವನ್ನೇ ಪದವಿಯಾಗಿ ಕಲಿಸುವ ಕಾಲೇಜುಗಳಿವೆ. ಅಂಥದೊಂದರಲ್ಲಿ ಓದಿಸಲು ಆ ಮನುಷ್ಯ ಎರಡು ಎಕರೆ ಹಿಪ್ಪುನೇರಳೆ ತೋಟವನ್ನು ಅಡವಿಟ್ಟರು. ಪದವಿಯ ನಂತರ ಆರು ತಿಂಗಳು ಆಕೆ ಸಂಬಳವಿಲ್ಲದೆ ದುಡಿದಳು. ಆ ಆರು ತಿಂಗಳಲ್ಲಿ ಬರೆದದ್ದು ಒಂದು ಸಾಲೂ ಇಲ್ಲ. ಛಾಯಾಚಿತ್ರಕ್ಕೆಂದು ಎರವಲು ತಂದ ಬಟ್ಟೆಗಳಿಗೆ ಹಬೆಯಿಂದ ಇಸ್ತ್ರಿ ಮಾಡಿ, ಚೀಲದಲ್ಲಿ ತುಂಬಿ, ಅಂಗಡಿಗಳಿಗೆ ಹಿಂದಿರುಗಿಸಿ ಬರುವುದೇ ಕೆಲಸವಾಗಿತ್ತು. ಇಲ್ಲಿ ಈ ಕೆಲಸ ಮಾಡುವವನನ್ನು ಲಾಂಡ್ರಿಯ ಹುಡುಗ ಎಂದು ಕರೆದು ತಿಂಗಳ ಕೊನೆಗೆ ಸಂಬಳ ಕೊಡುತ್ತೇವೆ.

ಈಗ ಬಡ್ತಿ ಸಿಕ್ಕಿದೆ. ‘ಈ ವಾರ ಕೊಳ್ಳಬೇಕಾದ ಹತ್ತು ರೇಷ್ಮೆ ಅಂಗಿಗಳು’ ಎಂಬ ಬಗೆಯ ಲೇಖನಗಳನ್ನು ಬರೆಯುತ್ತಾಳೆ. ಓದಿದವರು ಅಲ್ಲಿಯೇ ಒತ್ತಿ ಅಂಗಿ ಕೊಂಡರೆ ಪತ್ರಿಕೆಗೆ ಅಂಗಡಿಯಿಂದ ಕಮಿಷನ್ ಬರುತ್ತದಂತೆ. ಈ ವ್ಯವಸ್ಥೆಗೆ ಅಲ್ಲಿ ಉದ್ದವಾದ ಇಂಗ್ಲಿಷ್ ಹೆಸರೊಂದಿದೆ. ನಮ್ಮ ರೇಷ್ಮೆಗೂಡಿನ ವ್ಯಾಪಾರದಲ್ಲಿ ಇದಕ್ಕಿರುವ ಹೆಸರು ಚಿಕ್ಕದು, ದಲ್ಲಾಳಿ. ಗೂಡಿನ ವ್ಯಾಪಾರವನ್ನಾದರೂ ಹದ್ದುಬಸ್ತಿನಲ್ಲಿಡಲು ಸರ್ಕಾರ 1959ರಲ್ಲಿಯೇ ಕಾಯ್ದೆ ತಂದಿದೆ. ಫ್ಯಾಷನ್ ಲೇಖನಗಳು ಇನ್ನೂ ಹರಾಜು ಕಟ್ಟೆಗೆ ಬಂದಿಲ್ಲ.

ಈ ವೃತ್ತಿಯಲ್ಲಿ ಬೆನ್ನೆಲುಬಿದ್ದವರೇ ಇಲ್ಲವೆಂದು ಹೇಳಿದರೆ ನನ್ನ ನಾಲಿಗೆ ಬಿದ್ದೀತು. ನ್ಯೂಯಾರ್ಕ್ ಟೈಮ್ಸಿಗೆ ದಶಕಗಳ ಕಾಲ ಬೀದಿಯ ಉಡುಪುಗಳನ್ನು ಚಿತ್ರಿಸಿದ, 2016ರಲ್ಲಿ ತೀರಿಕೊಂಡ ಬಿಲ್ ಕನಿಂಗ್‌ಹ್ಯಾಮ್ ಎಂಬ ಛಾಯಾಗ್ರಾಹಕರು ಸೈಕಲ್ಲಿನಲ್ಲಿ ತಿರುಗುತ್ತಿದ್ದರು ಮತ್ತು ಶ್ರೀಮಂತರ ಔತಣಕೂಟಗಳಿಗೆ ಹೋದಾಗ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಅದೇ ಪತ್ರಿಕೆಯ ಕ್ಯಾಥಿ ಹೋರಿನ್ ತಮಗೆ ಕಂಡದ್ದನ್ನು ಕಂಡಂತೆ ಬರೆದು 2012ರಲ್ಲಿ ಸ್ಯಾಂ ಲೊರಾಂ ಸಂಸ್ಥೆಯ ಪ್ರದರ್ಶನಕ್ಕೆ ಆಹ್ವಾನವನ್ನೇ ಕಳೆದುಕೊಂಡರು. ವಾಷಿಂಗ್ಟನ್ ಪೋಸ್ಟಿನ ರಾಬಿನ್ ಗಿವಾನ್ ಅವರಿಗೆ 2006ರಲ್ಲಿ ವಿಮರ್ಶೆಗಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ನಮ್ಮ ಹುಡುಗಿ ಈ ಮೂವರ ಹೆಸರುಗಳನ್ನೂ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದಾಳೆ.

ನೀರಿನ ಲೋಟದ ಮಾತು ಬಂದದ್ದರಿಂದ ಸನ್ಮಾನದ ಶಾಲಿನ ವಿಷಯವನ್ನು ಹೇಳಿಬಿಡುತ್ತೇನೆ. ಹುಡುಗಿ ರಜೆಗೆ ಬಂದಾಗ ಊರಿನವರು ಸಭೆ ಕರೆದು, ಮೈಸೂರು ಪೇಟ ತೊಡಿಸಿ, ಜರಿಯಂಚಿನ ಶಾಲು ಹೊದಿಸಿದರು. ರೇಷ್ಮೆ ನಗರಿ ಎಂದು ಸ್ವಾಗತ ಕಮಾನಿನಲ್ಲಿ ಬರೆಸಿಕೊಂಡಿರುವ ಊರು ಇದು. ಇಲ್ಲಿನ ನೂಲು ಕಂಚಿಗೂ ಧರ್ಮಾವರಕ್ಕೂ ಹೋಗಿ ಮದುವಣಗಿತ್ತಿಯರ ಮೈಮೇಲೆ ಕೂರುತ್ತದೆ. ಆ ಶಾಲನ್ನು ಬೆರಳುಗಳ ನಡುವೆ ಹಿಡಿದು ನೋಡಿದೆ. ಅಪ್ಪಟ ಪಾಲಿಯೆಸ್ಟರ್! ಸೂರತ್ ಕಡೆಯಿಂದ ಡಜನ್ ಲೆಕ್ಕದಲ್ಲಿ ಬರುವ ಮಾಲು. ಹುಡುಗಿಗೂ ಅದು ಮುಟ್ಟಿದ ಕೂಡಲೇ ತಿಳಿಯಿತು, ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಫ್ಯಾಷನ್ ಪತ್ರಕರ್ತೆಯಾಗಿ ಆಕೆ ಪಳಗಿದ್ದಾಳೆಂದು ನನಗೆ ಖಾತರಿಯಾದದ್ದು ಆ ಕ್ಷಣದಲ್ಲಿ. ಅದೇ ಶಾಲು ಸಂಜೆ ಇನ್ನೊಬ್ಬರ ಸನ್ಮಾನಕ್ಕೆ ಬಂತೆಂದೂ ಸುದ್ದಿಯಿದೆ; ಮರುಬಳಕೆ ಫ್ಯಾಷನ್ ಎಂದು ಪ್ಯಾರಿಸ್ಸಿನವರು ಪುಟಗಟ್ಟಲೆ ಬರೆಯುವುದು ಬಹುಶಃ ಇದನ್ನೇ ಇರಬೇಕು. ಈ ವಿದ್ಯೆಯಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರಿಲ್ಲ, ಏಕೆಂದರೆ ನಮ್ಮ ಕೆರೆಗಳಿಗೆ ತುಂಬುವ ನೀರು ಕೂಡ ಹೆಬ್ಬಾಳ–ನಾಗವಾರ ಕಣಿವೆಯಿಂದ ಬರುವ, ಬೆಂಗಳೂರಿಗರು ಒಮ್ಮೆ ಬಳಸಿ ಬಿಟ್ಟ ನೀರು.

ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾದ ಚಪ್ಪಲಿಯ ಪ್ರಸಂಗ ಎಲ್ಲರಿಗೂ ಗೊತ್ತಿದೆ. 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಗೆ ಬಂದದ್ದು ನಮ್ಮ ಕೊಲ್ಹಾಪುರಿಯ ಪಡಿಯಚ್ಚು, ಆದರೆ ಆ ಸಂಸ್ಥೆಯ ವಿವರಣೆಯಲ್ಲಿ ಅದು ಬರಿಯ ಚರ್ಮದ ಚಪ್ಪಲಿ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿದಂತೆ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ 2019ರಲ್ಲಿಯೇ, ಈ ನೆಲದ್ದೇ ಎಂದು ಕಾನೂನು ಒಪ್ಪುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದ್ದ ಚಪ್ಪಲಿ ಅದು. ಇಲ್ಲಿ ಗುಲ್ಲೆದ್ದ ಮೇಲೆ ಸಂಸ್ಥೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಜೊತೆ ಒಪ್ಪಂದವೂ ಆಯಿತು, ಜೋಡಿಗೆ ಸುಮಾರು 800 ಯೂರೊ ಬೆಲೆಯಂತೆ. ಆ ದಿನಗಳಲ್ಲಿ ಹುಡುಗಿಗೆ ಫೋನ್ ಮಾಡಿ, ನಿನಗೆ ಮೊದಲ ದಿನವೇ ಗುರುತು ಸಿಗಲಿಲ್ಲವೇ ಎಂದು ಕೇಳಿದೆ. ಸಿಕ್ಕಿತ್ತಂತೆ. ವರದಿಯಲ್ಲಿ ಬರೆದೂ ಇದ್ದಳಂತೆ. ಸಂಪಾದಕರು ಆ ಸಾಲನ್ನು ಹೊಡೆದುಹಾಕಿ, ಈಗ ಬೇಡ, ವಿವಾದವಾದರೆ ಆಗ ಬರೆಯೋಣ ಎಂದರಂತೆ.

ವೃತ್ತಿಯ ಗುಟ್ಟು ಇಷ್ಟೇ. ಗೊತ್ತಿದ್ದದ್ದನ್ನು ಗೊತ್ತಿಲ್ಲದವರ ಭಾಷೆಯಲ್ಲಿ ಬರೆಯಲು ಕಲಿತವರಿಗೆ ಕುರ್ಚಿ ಒಂದೊಂದು ಸಾಲು ಮುಂದಕ್ಕೆ ಜರುಗುತ್ತದೆ. ಹುಳು ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದನ್ನು ದಾಟಿ ಹಣ್ಣಾಗುವುದನ್ನು, ಅದನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವುದನ್ನು ಈ ಹುಡುಗಿ ಫ್ರಾಕ್ ತೊಡುವ ವಯಸ್ಸಿನಲ್ಲಿಯೇ ಕಂಡವಳು. ರಾತ್ರಿ ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು ಜಡಿಮಳೆಯಂತೆ ಕೇಳುತ್ತದೆಂದು ನನಗೆ ಹೇಳಿದವಳೇ ಆಕೆ. ಈಗ ಆಕೆಯ ಲೇಖನದಲ್ಲಿ ರೇಷ್ಮೆ ‘ಬೆಳದಿಂಗಳಂತೆ ಮೈಮೇಲೆ ಹರಿಯುತ್ತದೆ’. ಎಲ್ಲಿಂದ ಹರಿದು ಬಂತೆಂಬುದು ಲೇಖನದಲ್ಲಿಲ್ಲ.

ಎಲ್ಲಿಂದ ಬರುತ್ತದೆಂದು ನಾನೇ ಹೇಳುತ್ತೇನೆ. ಒಂದು ಕಿಲೊ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೊ ಗೂಡು ಬೇಕು, ಅಷ್ಟೂ ಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಬೇಕು. ಬೆಂದ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಹುಡುಕಿ ತೆಗೆಯುವವರು ಹೆಂಗಸರು, ಹುಡುಕುವುದು ಬರಿಗೈಯಲ್ಲಿ. ಬಿಸಿನೀರಿನಲ್ಲಿ ದಿನವಿಡೀ ಅದ್ದಿದ ಬೆರಳುಗಳ ತುದಿ ಬೆಳ್ಳಗೆ ಬಿಳಿಚಿ, ಸುಲಿದು, ಸಂದುಗಳಲ್ಲಿ ಹುಣ್ಣಾಗುತ್ತದೆ. ಆ ಕೈಯಲ್ಲಿ ಅವರು ರಾತ್ರಿ ಸಾರಿಗೆ ಖಾರ ಹಾಕಿ ಕಲಸಿಕೊಂಡು ಉಣ್ಣಲಾರರು. ಸತ್ತ ಹುಳುವಿನ ವಾಸನೆ ಸೀರೆಗೆ, ಕೂದಲಿಗೆ ಹತ್ತಿ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ, ನನಗೂ ಹುಡುಕಿ ಸಾಕಾಗಿದೆ. ನಲವತ್ತು ವರ್ಷಗಳಿಂದ ಈ ಊರಿನಲ್ಲಿ ಇದನ್ನು ನೋಡುತ್ತಿದ್ದೇನೆ, ಒಬ್ಬ ಹೆಂಗಸಿಗೆ ಒಂದು ಫ್ಲೆಕ್ಸ್ ಕಟ್ಟಿದ್ದನ್ನು ನೋಡಿಲ್ಲ.

ಕಳೆದ ವಾರ ಲಂಡನ್ನಿನಿಂದ ಫೋನ್ ಬಂತು. ಪತ್ರಿಕೆಯವರು ‘ಕೈಗಳು’ ಎಂಬ ವಿಶೇಷ ಸಂಚಿಕೆ ತರುತ್ತಿದ್ದಾರಂತೆ, ಕಸುಬುದಾರರ ಕೈಗಳಿಗೆ ಗೌರವ ಸೂಚಿಸಲಿಕ್ಕಂತೆ. ನೂಲು ಬಿಚ್ಚುವ ಹೆಂಗಸೊಬ್ಬರ ಕೈಯ ಫೋಟೊ ಬೇಕು ಎಂದಳು ಹುಡುಗಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, “ಮಾವ, ಕೈ ಸ್ವಲ್ಪ ಚೆನ್ನಾಗಿರೋರದ್ದು ನೋಡಿ ತೆಗೀರಿ, ಇಲ್ಲಾಂದ್ರೆ ಅವರು ಹಾಕಲ್ಲ” ಎಂದಳು.

ಮಾರನೆಯ ಬೆಳಿಗ್ಗೆ ನೂಲು ಬಿಚ್ಚುವ ಶೆಡ್ಡಿಗೆ ಹೋದೆ. ಹಬೆಗೆ ಕನ್ನಡಕವೂ ಮೊಬೈಲಿನ ಗಾಜೂ ಮಂಜಾದವು, ಒರೆಸಿದಷ್ಟೂ ಮಂಜಾದವು. ಸಾಲಾಗಿ ಕೂತಿದ್ದ ಒಂಬತ್ತು ಮಂದಿಯ ಹದಿನೆಂಟು ಕೈಗಳನ್ನು ನೋಡುತ್ತಾ, ಚೆನ್ನಾಗಿರುವುದನ್ನು ಆರಿಸಲು ನಿಂತೆ. ಬಾಗಿಲ ಹತ್ತಿರದ ಹೆಂಗಸು ಮೊದಲು ತಾನೇ ಕೈ ಎತ್ತಿ, ನೀರು ತೊಟ್ಟಿಕ್ಕುತ್ತಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಹಿಡಿದಳು.

“ಬಿರೀನೆ ತೆಗೀರಿ ಸಾಮಿ, ಎಳೆ ಕಿತ್ಕೊಂಡ್ರೆ ಕೂಲಿ ಹಿಡೀತಾರೆ.”