“ನಮ್ಮ ಕಡೆಯ ಸ್ಟಡಿಗಳೇ ಇಲ್ಲ” ಅನ್ನುವ ಮುಂಚೆ, ಯಾವ ಹೆಸರಿನಲ್ಲಿ ಹುಡುಕಿದ್ರಿ?

ಡಿಸರ್ಟೇಶನ್ ಕಾಲ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಆಪ್ತಸಮಾಲೋಚನೆ ವಿದ್ಯಾರ್ಥಿಗಳದು ಒಂದೇ ದೂರು: ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ನಮ್ಮ ಕಡೆಯ ಸ್ಟಡಿ ಏನೂ ಬರುವುದಿಲ್ಲ. ಎಲ್ಲದಕ್ಕೂ ಸ್ಟಡಿ ಇದೆ ಅಂತ ಹೇಳುತ್ತಿಲ್ಲ. ಆದರೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿ ಮಾಡಿದ ಪ್ರಯೋಗವನ್ನು ಆಧರಿಸಿ 1996ರಲ್ಲಿ ಆ ಕಾರ್ಯಕ್ರಮ ಶುರುವಾಯಿತು. ಅದರ ಬಗ್ಗೆ ಬರೆದ ಲೇಖನಗಳು ನಿಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಸ್ಪೆಲ್ಲಿಂಗ್. ಊರಿನ ಇಂಗ್ಲಿಷ್ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಹಳೆಯದೆಲ್ಲ ‘ಬಿ’ ನಂತರ ‘ಇ’, ಕೊನೆಗೆ ‘ವೈ’ ಇರುವ ಸ್ಪೆಲ್ಲಿಂಗ್‌ನಲ್ಲೇ ಇದೆ.

ಜಿಲ್ಲೆಗಳ ಕಥೆಯೂ ಹೀಗೇ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯೊಳಗಿತ್ತು. ‘ಕಲ್ಯಾಣ ಕರ್ನಾಟಕ’ ಆದದ್ದು 2019ರಲ್ಲಿ. ಅದಕ್ಕೂ ಹಿಂದಿನದಕ್ಕೆ ‘ಹೈದರಾಬಾದ್ ಕರ್ನಾಟಕ’ ಅಂತಲೇ ಹಾಕಬೇಕು. ಹೊಸಪೇಟೆ, ಕೂಡ್ಲಿಗಿ, ಹಡಗಲಿ 2021ರವರೆಗೆ ಬಳ್ಳಾರಿ ಜಿಲ್ಲೆಯವು. ಹಾಗಾಗಿ 2015ರ ಒಂದು ‘ಬಳ್ಳಾರಿ ಜಿಲ್ಲೆ’ಯ ಸ್ಯಾಂಪಲ್ಲನ್ನು ಇವತ್ತಿನ ಜಿಲ್ಲೆಯ ಜೊತೆ ಸುಮ್ಮನೆ ಹೋಲಿಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ.

ಇನ್ನೊಂದು ಚಟ, ಸಿನಾಪ್ಸಿಸ್‌ನ (ಸಂಶೋಧನಾ ಪ್ರಸ್ತಾವನೆಯ) ಇಡೀ ಶೀರ್ಷಿಕೆಯನ್ನೇ ಹುಡುಕಾಟಕ್ಕೆ ಹಾಕುವುದು. ಅದನ್ನು ಮೂರು ತುಂಡು ಮಾಡಿ: ಯಾರು, ಯಾವ ಸಮಸ್ಯೆ, ಎಲ್ಲಿ. ಪ್ರತಿ ತುಂಡಿಗೂ ಎರಡು ಮೂರು ಪರ್ಯಾಯ ಪದ ಬರೆದು, ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘ಆರ್’ (OR, ‘ಅಥವಾ’) ಹಾಕಿ. ಕೌನ್ಸೆಲಿಂಗ್‌ಗೆ ಅಮೆರಿಕದವರು ಒಂದು ‘ಎಲ್’, ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ, ಎರಡೂ ಇರಲಿ. ಫಲಿತಾಂಶ ಸೊನ್ನೆ ಬಂದರೆ ಮೊದಲು ‘ಎಲ್ಲಿ’ಯನ್ನು ಸಡಿಲಿಸಿ: ಜಿಲ್ಲೆ ಹೋಗಲಿ, ಕರ್ನಾಟಕ ಬರಲಿ, ಆಮೇಲೆ ದಕ್ಷಿಣ ಭಾರತ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೆಳಗಿನ ‘ಸೈಟೆಡ್ ಬೈ’ ಒತ್ತಿ. ಆಮೇಲೆ ಬಂದ ಸ್ಟಡಿಗಳು ಅಲ್ಲೇ ಸಾಲಾಗಿ ಕಾಣುತ್ತವೆ.

ಸ್ಕಾಲರ್ ಒಂದನ್ನೇ ನಂಬಿ ಕೂರಬೇಡಿ. ಮಾನಸಿಕ ಆರೋಗ್ಯಕ್ಕೆ ವೈದ್ಯಕೀಯ ಲೇಖನಗಳ ತಾಣ ಪಬ್‌ಮೆಡ್, ಶಾಲಾ ಆಪ್ತಸಮಾಲೋಚನೆಗೆ ಶಿಕ್ಷಣ ಲೇಖನಗಳ ತಾಣ ಎರಿಕ್. ಎರಡೂ ಉಚಿತ. ಎರಿಕ್‌ನಲ್ಲಿ ‘ಪಿಯರ್ ರಿವ್ಯೂಡ್ ಓನ್ಲಿ’ (ಬೇರೆ ತಜ್ಞರು ಪರಿಶೀಲಿಸಿದವು ಮಾತ್ರ) ಅನ್ನುವ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಶೋಧಗಂಗಾದಲ್ಲಿ ಭಾರತದ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯವಾರು ಪಿಡಿಎಫ್ ಆಗಿ ಸಿಗುತ್ತವೆ. ಅಲ್ಲಿನ ಗ್ರಂಥಸೂಚಿ ಬಂಗಾರ. ಆದರೆ ಹಿಂದಿನ ಸ್ಟಡಿಗಳನ್ನು ಪರಿಚಯಿಸುವ ಎರಡನೇ ಅಧ್ಯಾಯದ ಸಾಲುಗಳನ್ನೇ ಎತ್ತಿ, ಮೂಲ ಓದಿದವರಂತೆ ಹೆಸರು ಹಾಕುವುದು ಬೇಡ. ಮೊದಲು ಬರೆದವರ ತಪ್ಪು ಇಸವಿಯೂ ಜೊತೆಗೇ ಬಂದು ಕೂರುತ್ತದೆ.

ದುಡ್ಡು ಕೇಳುವ ಜರ್ನಲ್‌ಗಳಿಗೂ ದಾರಿಯಿದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರವೇ ಜರ್ನಲ್‌ಗಳಿಗೆ ಚಂದಾ ಕಟ್ಟುವ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಜಾರಿಯಲ್ಲಿದೆ: 30 ಪ್ರಕಾಶಕರು, ಸುಮಾರು 13,000 ಜರ್ನಲ್. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದು ಅನ್ವಯ. ನಿಮ್ಮದು ಅಂಥ ಸಂಸ್ಥೆಯಾದರೆ ಲೈಬ್ರರಿಯನ್ ಅವರನ್ನು, ಲಾಗಿನ್ ಹೇಗೆ, ಮನೆಯಿಂದಲೂ ಆಗುತ್ತದಾ ಅಂತ ನೇರ ಕೇಳಿ. ಖಾಸಗಿ ಕಾಲೇಜಿನವರು ಪಬ್‌ಮೆಡ್ ಸೆಂಟ್ರಲ್ ನೋಡಿ, ಸ್ಕಾಲರ್‌ನಲ್ಲಿ ‘ಆಲ್ ವರ್ಷನ್ಸ್’ ತೆರೆದು ಉಚಿತ ಪ್ರತಿ ಇದೆಯಾ ನೋಡಿ, ಅದೂ ಇಲ್ಲದಿದ್ದರೆ ಲೇಖಕರಿಗೇ ಇಮೇಲ್ ಹಾಕಿ. ಕೇಳಲು ನಾಚಿಕೆ ಯಾಕೆ?

ಅಂಕಿಅಂಶ ಎತ್ತುವಾಗ ಮಾತ್ರ ಸ್ವಲ್ಪ ನಿಲ್ಲಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್, ನಿಜ. ಆದರೆ ಸಮೀಕ್ಷೆಯಾದ 12 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ. ಅದರ ಪ್ರಮಾಣವನ್ನು ‘ಕರ್ನಾಟಕದಲ್ಲಿ ಇಷ್ಟು’ ಅಂತ ಬರೆದರೆ ತಪ್ಪು.

ವಾಟ್ಸಾಪ್‌ನಲ್ಲಿ ‘ಮೂರು ದಿನದಲ್ಲಿ ಪ್ರಕಟಣೆ, ಐಎಸ್ಎಸ್ಎನ್ ಇದೆ’ ಅಂತ ಬರುವ ಜರ್ನಲ್‌ಗಳ ಲೇಖನ ಉಲ್ಲೇಖಿಸಬೇಡಿ. ಐಎಸ್ಎಸ್ಎನ್ ಬರೀ ನೋಂದಣಿ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಎಐ ಕೊಟ್ಟ ಉಲ್ಲೇಖಗಳನ್ನಂತೂ ಒಂದೊಂದಾಗಿ ನೋಡಲೇಬೇಕು. ಪ್ರತಿ ಲೇಖನವನ್ನು ಗುರುತಿಸುವ ಡಿಒಐ ಸಂಖ್ಯೆಯನ್ನು ಡಿಒಐ ತಾಣದಲ್ಲಿ (doi.org) ಹಾಕಿ. ತೆರೆದ ಪುಟದಲ್ಲಿ ಅದೇ ಶೀರ್ಷಿಕೆ, ಅದೇ ಲೇಖಕರು, ಅದೇ ಇಸವಿ ಇಲ್ಲದಿದ್ದರೆ ಆ ಸಾಲು ಅಳಿಸಿಬಿಡಿ.